ಗಾಂಧಿಬಜಾರ್ ಹತ್ರದ ಚೆಸ್ ಕೆಫೆ, ಭಾನುವಾರ ಸಂಜೆ ಹೋಗಿ

ಮೊದಲನೇ ಮಹಡಿ, ಸಣ್ಣ ಜಾಗ, ಆರೇ ಟೇಬಲ್. ಕಾಯಿಗಳೆಲ್ಲ ಚನ್ನಪಟ್ಟಣದವು, ಹಾಲೆ ಮರದ್ದು, ಅರಗಿನ ಬಣ್ಣ ಹಚ್ಚಿ ತಾಳೆಗರಿಯಲ್ಲಿ ಉಜ್ಜಿರೋದು, ಕುದುರೆ ಕೈಗೆ ತಗೊಂಡ್ರೆ ಕೆಳಗಿಡೋಕೆ ಮನಸ್ಸೇ ಬರಲ್ಲ ಅಷ್ಟು ನುಣುಪು.

ಆಟಕ್ಕೆ ಮುಂಚೆ ಒಬ್ರು ಅರ್ಧ ಗಂಟೆ ಕಥೆ ಹೇಳ್ತಾರೆ. ಚತುರಂಗ ಅಂದ್ರೆ ಆನೆ, ಕುದುರೆ, ರಥ, ಪದಾತಿ ಅಂತ ಸೈನ್ಯದ ನಾಲ್ಕು ಅಂಗ, ಹಳೇ ಆಟದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ಹೋಗ್ತಿದ್ದ, ಈಗಿನ ಬಲ ಬಂದಿದ್ದು 15ನೇ ಶತಮಾನದ ಕೊನೇಲಿ ಯುರೋಪಲ್ಲಿ. ಆಮೇಲೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ್ ವಿಷಯ ಬಂತು, ಕುದುರೆ 64 ಮನೇನೂ ಒಂದೊಂದೇ ಸಲ ಮುಟ್ಟೋ ನಡೆಗಳನ್ನ ಅವರು ರಚಿಸಿದ್ರಂತೆ, ಅದನ್ನ ಹಲಗೆ ಮೇಲೇ ನಡೆಸಿ ತೋರಿಸಿದ್ರು, ನಾನು ಬೆರಳಲ್ಲಿ ಎಣಿಸ್ತಾ ಕೂತಿದ್ದೆ.

ಕೊನೇಲಿ ಕೆರೆಗೆ ಹಾರ ಹಾಡಿದ್ರು. ಮಲ್ಲನಗೌಡ ಕಟ್ಟಿಸಿದ ಕೆರೇಲಿ ನೀರು ಬರಲಿಲ್ಲ, ಕಿರಿ ಸೊಸೆ ಭಾಗೀರಥೀನ ಬಲಿ ಕೊಡ್ತಾರೆ. ಅವಳು ತವರಿಗೆ ಹೋಗಿ ಬರೋ ಭಾಗದಲ್ಲಿ ಪಕ್ಕದ ಟೇಬಲ್ ಅಜ್ಜಿ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು. ನಂಗೂ ಗಂಟಲು ಕಟ್ತು. ಆಮೇಲೆ ಆಡಕ್ಕೆ ಕೂತಾಗ ಪದಾತಿ ಬಲಿ ಕೊಡೋಕೆ ಕೈಯೇ ಹೋಗ್ಲಿಲ್ಲ ನೋಡಿ.

ಫಿಲ್ಟರ್ ಕಾಫಿ ಸ್ಟ್ರಾಂಗ್, ಚೆನ್ನಾಗಿದೆ. ಫ್ಯಾನ್ ಸದ್ದಿಗೆ ಹಿಂದೆ ಕೂತವ್ರಿಗೆ ಹಾಡು ಸರಿಯಾಗಿ ಕೇಳಲ್ಲ, ಅದೊಂದು ಸರಿ ಮಾಡಿಸ್ಲಿ. ಮುಂದಿನ ಸಾಲು ಬೇಕಂದ್ರೆ ಬೇಗ ಹೋಗಿ.