ಟರ್ಬೊ ಕಾರಿಗೆ 3 ಇಂಚಿನ ಸ್ಟೇನ್‌ಲೆಸ್ ಎಕ್ಸಾಸ್ಟ್: ಬಹುಕಾಲ ಬಳಸಿದ ಮೇಲೆ

ಎಂಜಿನ್ 2 ಲೀಟರಿನ ಟರ್ಬೊ ಪೆಟ್ರೋಲ್. ಹಾಕಿರುವುದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ 76 ಮಿ.ಮೀ. ಪೈಪು, ಕ್ಯಾಟ್ (ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್; ಇದರಲ್ಲಿ ಚದರ ಇಂಚಿಗೆ 200 ಸೆಲ್, ಅಂದರೆ ರಂಧ್ರಗಳು) ಇರುವ ಡೌನ್‌ಪೈಪು, ಅಂದರೆ ಟರ್ಬೊದಿಂದ ಹೊರಡುವ ಮೊದಲ ಪೈಪು, ನಡುವೆ ಕೆಲವು ಸದ್ದುಗಳನ್ನು ತಗ್ಗಿಸುವ ಒಂದು ರೆಸೊನೇಟರ್, ಕೊನೆಗೆ ಹೊಗೆ ನೇರವಾಗಿ ಹಾದುಹೋಗುವ ಸ್ಟ್ರೈಟ್-ಥ್ರೂ ಸೈಲೆನ್ಸರ್. ಪೈಪಿನ ಬಗ್ಗೆ ಇವತ್ತಿಗೂ ತಕರಾರಿಲ್ಲ. ತಲೆನೋವು ಕೊಟ್ಟಿದ್ದೆಲ್ಲ ಜಾಯಿಂಟುಗಳು, ಮತ್ತೆ ಸದ್ದು ಹೀರಲು ಸೈಲೆನ್ಸರಿನ ಒಳಗೆ ತುಂಬಿರುವ, ಬಿಸಿ ತಾಳುವ ನಾರಿನ ಉಣ್ಣೆ.

ಬಜೆಟ್ ಕಮ್ಮಿಯಿದ್ದರೆ ದುಡ್ಡು ಮುಂಭಾಗಕ್ಕೆ ಹಾಕಿ. ಟರ್ಬೊ ಕಾರಿನಲ್ಲಿ ಹೊಗೆಗೆ ದೊಡ್ಡ ಅಡ್ಡಿ ಟರ್ಬೈನ್ (ಹೊಗೆಯ ರಭಸಕ್ಕೆ ತಿರುಗುವ ಟರ್ಬೊ ಚಕ್ರ) ದಾಟಿದ ಕೂಡಲೇ ಎದುರಾಗುವ ಇಕ್ಕಟ್ಟಾದ ಡೌನ್‌ಪೈಪು ಮತ್ತು ಕ್ಯಾಟ್. ಅದನ್ನು ಮುಟ್ಟದೆ ಹಿಂದಿನದನ್ನಷ್ಟೇ ಬದಲಿಸಿದರೆ ಸದ್ದು ಬರುತ್ತದೆ, ಪಿಕಪ್ ಹೆಚ್ಚೇನೂ ಬದಲಾಗುವುದಿಲ್ಲ. ಹಾಗಂತ ಕ್ಯಾಟನ್ನೇ ಕಿತ್ತೆಸೆಯಬೇಡಿ. ಅನೇಕ ದೇಶಗಳಲ್ಲಿ ಅದು ಕಾನೂನುಬಾಹಿರ, ವಾಸನೆಯೂ ಅಸಹ್ಯ. 200 ಸೆಲ್ ಕ್ಯಾಟ್ ಹಾಕಿದರೂ ಕೆಲವು ಕಾರುಗಳಲ್ಲಿ ಪಿ0420 ಕೋಡ್ (ಕ್ಯಾಟ್ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂಬ ಸೂಚನೆ) ಬಂದು ಚೆಕ್ ಎಂಜಿನ್ ದೀಪ ಹತ್ತುತ್ತದೆ. ಹಾಗಾಗಿ ತೀರಾ ಅಗ್ಗದ ಕ್ಯಾಟ್ ಕಂಡರೆ ಅನುಮಾನಪಡಿ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಕ್ಕೇ ಕ್ಯಾಟಿನ ಬೆಲೆಯ ದೊಡ್ಡ ಪಾಲು ಹೋಗುತ್ತದೆ. ಕ್ಯಾಟಿನ ರೇಟು ತೀರಾ ಕಮ್ಮಿ ಅಂದರೆ ಆ ಲೇಪವೇ ತೆಳುವಾಗಿರುವ ಸಾಧ್ಯತೆ ಹೆಚ್ಚು.

2.5 ಇಂಚಿನಿಂದ 3ಕ್ಕೆ ಹೋದರೆ ಒಳಗಿನ ಜಾಗ ಶೇ. 44ರಷ್ಟು ಹೆಚ್ಚುತ್ತದೆ. 200 ಎಚ್‌ಪಿ ಆಸುಪಾಸಿನ ಕಾರಿಗೆ 2.5 ಧಾರಾಳವಾಗಿ ಸಾಕು. ಪೈಪು ದೊಡ್ಡದಾದಷ್ಟೂ ಕಾರಿನ ತಳಕ್ಕೆ ತಾಗದಂತೆ ಕೂರಿಸುವುದು ಕಷ್ಟ, ಸದ್ದೂ ಜಾಸ್ತಿ. ಇನ್ನೊಂದು ಅಪಾಯವಿದೆ. ಹೊಗೆ ಸಲೀಸಾಗಿ ಹರಿಯತೊಡಗಿದಾಗ ಟರ್ಬೊ ಒಳಗಿನ ಸಣ್ಣ ವೇಸ್ಟ್‌ಗೇಟ್ (ಹೆಚ್ಚುವರಿ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಸಾಲದೆ, ಆರ್‌ಪಿಎಂ ಏರಿದ ಹಾಗೆ ಬೂಸ್ಟ್, ಅಂದರೆ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, ತಾನಾಗಿಯೇ ಏರುತ್ತಾ ಹೋಗಬಹುದು. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಆಗ ಇಂಧನ ಕಡಿದು ಕಾರು ಝಟಕಾ ಹೊಡೆಯುತ್ತದೆ. ಅದಕ್ಕೇ ಟ್ಯೂನಿಂಗ್ (ಇಸಿಯು ಸೆಟ್ಟಿಂಗ್ ಬದಲಿಸುವ) ಖರ್ಚನ್ನು ಡೌನ್‌ಪೈಪಿನ ಬೆಲೆಯ ಜೊತೆಗೇ ಸೇರಿಸಿ ನೋಡಬೇಕು.

304 ಅಂತ ಹೇಳಿ ಅದಕ್ಕಿಂತ ಅಗ್ಗದ ಸ್ಟೇನ್‌ಲೆಸ್ ದರ್ಜೆಯಾದ 409 ಮಾರುವವರಿದ್ದಾರೆ. ಜೇಬಲ್ಲೊಂದು ಮ್ಯಾಗ್ನೆಟ್ ಇರಲಿ: 409ಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ರ ನೇರ ಭಾಗಕ್ಕೆ ಬಹುಮಟ್ಟಿಗೆ ಅಂಟದು. ಬಾಗಿಸಿದ ಕಡೆ ಸ್ವಲ್ಪ ಎಳೆದರೆ ಗಾಬರಿ ಬೇಡ. 409 ಕೆಟ್ಟದ್ದೇನಲ್ಲ, ಮೇಲ್ಮೈ ತುಕ್ಕು ಹಿಡಿಯುತ್ತದಷ್ಟೆ, ಆದರೆ 304ರ ಬೆಲೆ ಯಾಕೆ ಕೊಡಬೇಕು? ಪೈಪಿನೊಳಗೆ ಟಾರ್ಚ್ ಬಿಟ್ಟು ವೆಲ್ಡಿಂಗನ್ನೂ ನೋಡಿ. ಗಾಳಿ ತಾಗದಂತೆ ಒಳಬದಿಗೆ ಆರ್ಗಾನ್ ಅನಿಲ ಬಿಡದೆ ಟಿಗ್ ವೆಲ್ಡಿಂಗ್ ಮಾಡಿದ್ದರೆ ಅಲ್ಲಿ ಸಕ್ಕರೆ ಹರಳಿನಂತೆ ಕಪ್ಪು ಗಂಟುಗಳಿರುತ್ತವೆ. ಬಿರುಕು ಶುರುವಾಗುವುದು ಅಲ್ಲಿಂದಲೇ.

304 ಕಾದಾಗ 409ಕ್ಕಿಂತ ಹೆಚ್ಚು ಹಿಗ್ಗುತ್ತದೆ. 3 ಮೀಟರ್ ಪೈಪು 400 ಡಿಗ್ರಿ ಬಿಸಿಯೇರಿದರೆ ಸುಮಾರು 20 ಮಿ.ಮೀ. ಉದ್ದವಾಗುತ್ತದೆ. ಈ ಎಳೆದಾಟವನ್ನು ಫ್ಲೆಕ್ಸ್ ಜಾಯಿಂಟು (ಬಾಗುವ ಪೈಪು ತುಂಡು), ಪೈಪನ್ನು ತೂಗುಹಾಕುವ ಹ್ಯಾಂಗರ್ ರಬ್ಬರುಗಳು ತಡೆದುಕೊಳ್ಳಬೇಕು. ಒಳಗೆ ಇಂಟರ್‌ಲಾಕ್ ಲೈನರ್ (ಒಂದಕ್ಕೊಂದು ಕೊಂಡಿ ಬಿದ್ದ ಲೋಹದ ಒಳಪದರ) ಇರುವ ಫ್ಲೆಕ್ಸನ್ನೇ ಕೇಳಿ. ಬರೀ ಜಾಲರಿಯದ್ದು ಬೇಗ ಸೋರುತ್ತದೆ. ತಣ್ಣಗಿರುವಾಗ ಬಂಪರಿಗೆ ತೀರಾ ಹತ್ತಿರ ಕೂರಿಸಿದ ಟಿಪ್ (ಪೈಪಿನ ಹೊರತುದಿ), ಬಿಸಿಯಾದಾಗ ಪ್ಲಾಸ್ಟಿಕ್ ಕರಗಿಸುತ್ತದೆ. ಹೊಸದಾಗಿ ಹಾಕಿದ ಮೇಲೆ ಕೆಲವು ಸಲ ಬಿಸಿಯಾಗಿ ತಣಿದ ಬಳಿಕ ನಟ್ಟು, ಕ್ಲ್ಯಾಂಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಲೇಬೇಕು. ಆಕ್ಸಿಜನ್ ಸೆನ್ಸರಿಗೂ ಮುಂಚೆ ಗ್ಯಾಸ್ಕೆಟ್ ಸೋರಿದರೆ ಹೊರಗಾಳಿ ಒಳಸೇರಿ, ಎಂಜಿನ್ ಲೀನ್ (ಗಾಳಿ ಹೆಚ್ಚು, ಇಂಧನ ಕಮ್ಮಿ) ಇದೆಯೆಂದು ಇಸಿಯು ತಪ್ಪು ತಿಳಿಯುತ್ತದೆ.

ಹೆದ್ದಾರಿಯಲ್ಲಿ ಕಿವಿಗೆ ಗುಂಯ್‌ಗುಡುವ, ಡ್ರೋನ್ ಎನ್ನುವ ಒಂದೇ ಸಮನೆಯ ಸದ್ದು ಈ ಸೆಟ್ಟಿನ ದೊಡ್ಡ ಮೈನಸ್. ನಾಲ್ಕು ಸಿಲಿಂಡರಿನಲ್ಲಿ 2400 ಆರ್‌ಪಿಎಂ ಅಂದರೆ 80 ಹರ್ಟ್ಸ್ ಸದ್ದು. ಅದನ್ನು ಅಡಗಿಸಲು ಒಂದು ತುದಿ ಮುಚ್ಚಿದ ಅಡ್ಡಪೈಪು ಹಾಕುತ್ತಾರೆ, ಆದರೆ ಬಿಸಿ ಹೊಗೆಯ ಲೆಕ್ಕದಲ್ಲಿ ಅದಕ್ಕೆ ಸುಮಾರು 1.4 ಮೀಟರ್ ಉದ್ದ ಬೇಕು. ಕಾರಿನಡಿ ಅಷ್ಟು ಜಾಗ ಎಲ್ಲಿದೆ? ಹಾಗಾಗಿ ಡ್ರೋನ್ ತಗ್ಗಿಸಲು ರೆಸೊನೇಟರ್ ಬೇಕು; ಅದನ್ನು ಬಿಟ್ಟರೆ ಉಳಿತಾಯ ಅನ್ನುವ ಅಂಗಡಿಯವರ ಮಾತು ಕೇಳಬೇಡಿ.

ಕೊಟೇಶನ್ನಿನಲ್ಲಿ ಗ್ಯಾಸ್ಕೆಟ್, ಕ್ಲ್ಯಾಂಪ್, ಹೊಸ ಬೋಲ್ಟು, ಫಿಟ್ಟಿಂಗ್ ಕೂಲಿ ಸೇರಿದೆಯೇ ಅಂತ ಬರೆಸಿಕೊಳ್ಳಿ. ಸೈಲೆನ್ಸರ್ ಬಿಚ್ಚಿ ಉಣ್ಣೆ ತುಂಬಿಸುವಂಥದ್ದೇ ಅಥವಾ ಸುತ್ತಲೂ ಬೆಸೆದದ್ದೇ ಅಂತಲೂ ಕೇಳಿ. ಒಳಗಿನ ಉಣ್ಣೆ ಸುಟ್ಟು ಸದ್ದು ಒರಟಾದಾಗ, ಬೆಸೆದದ್ದಾದರೆ ಪೂರ್ತಿ ಹೊಸದೇ ಕೊಳ್ಳಬೇಕಾಗುತ್ತದೆ.