ಎಸ್‌ಎಸ್‌ಎಲ್‌ಸಿ ಗಣಿತ, ಇಂಗ್ಲಿಷ್‌ಗೆ ಮಂಡಳಿಯ ಪತ್ರಿಕೆ, ಕೀ ಆನ್ಸರ್ ಸಾಕೇ?

ಪರೀಕ್ಷೆ ಹತ್ತಿರ ಬಂತೆಂದರೆ ಪುಸ್ತಕದಂಗಡಿಯಲ್ಲಿ ಡೈಜೆಸ್ಟ್, ಪಾಸಿಂಗ್ ಪ್ಯಾಕೇಜ್, ಪ್ರಶ್ನೆಕೋಶಗಳ ರಾಶಿ ಬೀಳುತ್ತದೆ. ಅವಕ್ಕೆಲ್ಲ ಮೂಲ ಸರಕು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ: ಮಾದರಿ ಪ್ರಶ್ನೆಪತ್ರಿಕೆ, ಹಿಂದಿನ ವರ್ಷಗಳ ಪತ್ರಿಕೆ, ಜೊತೆಗೆ ಎಲ್ಲರೂ ಕೀ ಆನ್ಸರ್ ಎನ್ನುವ ಮಾದರಿ ಉತ್ತರ. ಗಣಿತಕ್ಕೆ ಇದಕ್ಕಿಂತ ಒಳ್ಳೆಯದು ದುಡ್ಡು ಕೊಟ್ಟರೂ ಸಿಕ್ಕುವುದು ಕಷ್ಟ. ಇಂಗ್ಲಿಷ್‌ಗೆ ಅರ್ಧ ದಾರಿಯವರೆಗೆ ಮಾತ್ರ ಕೈ ಹಿಡಿಯುತ್ತದೆ.

ಮೊದಲು ಸರಿಯಾದ ಪತ್ರಿಕೆ ಇಳಿಸಿಕೊಳ್ಳಬೇಕು. ಕನ್ನಡ ಮಾಧ್ಯಮದ ಗಣಿತ ಪತ್ರಿಕೆಯ ಸಂಕೇತ 81-ಕೆ, ಇಂಗ್ಲಿಷ್ ಮಾಧ್ಯಮದ್ದು 81-ಇ. ದ್ವಿತೀಯ ಭಾಷೆ ಇಂಗ್ಲಿಷ್ 31-ಇ. 2021ರ ಪತ್ರಿಕೆಯನ್ನು ಮುಟ್ಟಬೇಡಿ. ಕೋವಿಡ್ ಕಾರಣ ಆ ವರ್ಷ ಒಂದೊಂದು ವಿಷಯಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆ, ಓಎಂಆರ್ ಹಾಳೆಯಲ್ಲಿ ತುಂಬುವುದು. ಅದಕ್ಕೂ ಈಗಿನ 80 ಅಂಕದ ಲಿಖಿತ ಪರೀಕ್ಷೆಗೂ ಸಂಬಂಧವಿಲ್ಲ. ಹಳೆಯ ಪತ್ರಿಕೆಗಳಲ್ಲಿ ರಚನೆಗಳು, ಶಂಕುವಿನ ಭಿನ್ನಕದಂಥ (ತುದಿ ಕತ್ತರಿಸಿದ ಶಂಕು) ಲೆಕ್ಕಗಳು ಬರುತ್ತವೆ. ಈ ವರ್ಷದ ಪಠ್ಯಪುಸ್ತಕದ ಪರಿವಿಡಿ ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ಇಲ್ಲದ್ದಕ್ಕೆಲ್ಲ ಮೊದಲೇ ಅಡ್ಡಗೆರೆ ಎಳೆದುಬಿಡಿ. ಡೈಜೆಸ್ಟ್‌ಗಳು ಎಡವುವುದೂ ಇಲ್ಲೇ. ಮುಖಪುಟದ ಇಸವಿ ಬದಲಾಗುತ್ತದೆ, ಒಳಗಿನ ಲೆಕ್ಕ ಹಳೆಯದೇ ಉಳಿಯುತ್ತದೆ.

ಇತ್ತೀಚಿನ ವರ್ಷಗಳ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆ. ಬಹು ಆಯ್ಕೆ 8, ಒಂದಂಕದ್ದು 8, ಎರಡಂಕದ್ದು 8, ಮೂರಂಕದ್ದು 9, ನಾಲ್ಕಂಕದ್ದು 4, ಐದಂಕದ್ದು ಒಂದು. ಓದಿಕೊಳ್ಳುವ 15 ನಿಮಿಷ ಬಿಟ್ಟರೆ ಬರೆಯಲು 180 ನಿಮಿಷ, ಅಂದರೆ ಅಂಕಕ್ಕೆ ಎರಡೂಕಾಲು ನಿಮಿಷ. ಮೊದಲ 16 ಅಂಕವನ್ನು 20 ನಿಮಿಷದಲ್ಲಿ ಮುಗಿಸಿದರೆ ಹದಿನಾರು ನಿಮಿಷ ಉಳಿತಾಯ. ನಾಲ್ಕು, ಐದಂಕದ ಲೆಕ್ಕಗಳಿಗೆ ಬೇಕಾಗುವುದೂ ಅದೇ. 'ಅಥವಾ' ಇರುವ ಕಡೆ ಯಾವುದನ್ನು ಬರೆಯಬೇಕೆಂದು ಓದುವ ಹೊತ್ತಿನಲ್ಲೇ ಟಿಕ್ ಹಾಕಿಕೊಳ್ಳಬೇಕು. ಬರೆಯುತ್ತಾ ಯೋಚಿಸಿದರೆ ಅರ್ಧ ಲೆಕ್ಕ ಮಾಡಿ ಹೊಡೆದುಹಾಕುವ ಪಾಡು.

ಕೀ ಆನ್ಸರ್‌ನ ನಿಜವಾದ ಬೆಲೆ ಇರುವುದು ಬಲಗಡೆಯ ಅಂಚಿನಲ್ಲಿ. ಪ್ರತಿ ಹಂತದ ಮುಂದೆ ½, ½, 1 ಎಂದು ಬರೆದಿರುತ್ತದೆ. ಮಕ್ಕಳು ಕೊನೆಯ ಉತ್ತರ ನೋಡಿ ಪುಟ ತಿರುಗಿಸುತ್ತಾರೆ, ಅಂಚನ್ನು ಓದುವುದೇ ಇಲ್ಲ. 5, 8, 11… ಶ್ರೇಢಿಯ 20ನೇ ಪದ ಕೇಳಿದ್ದಾರೆ ಎನ್ನಿ. ಇಂಥ ಎರಡಂಕದ ಲೆಕ್ಕದಲ್ಲಿ ಸೂತ್ರಕ್ಕೆ ಅರ್ಧ, ಬೆಲೆ ಹಾಕಿದ್ದಕ್ಕೆ ಅರ್ಧ, ಸುಲಭೀಕರಿಸಿದ್ದಕ್ಕೆ ಅರ್ಧ, ಉತ್ತರಕ್ಕೆ ಅರ್ಧ ಎಂದು ಅಂಕ ಹಂಚುತ್ತಾರೆ. 5 + 19 × 3 = 62 ಬರೆಯಬೇಕಾದ ಕಡೆ ಹುಡುಗ 19ರ ಬದಲು 20 ಹಾಕಿ 65 ತಂದರೂ ಸೂತ್ರದ ಅರ್ಧ ಅಂಕ ಅವನದೇ. ಸೂತ್ರವಿಲ್ಲದೆ ಬರೀ 65 ಎಂದು ಬರೆದವನಿಗೆ ಸೊನ್ನೆ. ಪ್ರಮೇಯದಲ್ಲೂ ಹಾಗೆಯೇ: ಚಿತ್ರ, ದತ್ತ, ಸಾಧನೀಯ, ರಚನೆ ಇವಿಷ್ಟಕ್ಕೇ ಬಿಡಿಬಿಡಿ ಅಂಕ ಇರುತ್ತದೆ. ಸಾಧನೆ ಮರೆತರೂ ಜಾಗ ಖಾಲಿ ಬಿಡಬಾರದು.

ನಕ್ಷೆಯ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಕ್ಸ್ + ವೈ = 5 ಮತ್ತು 2ಎಕ್ಸ್ − ವೈ = 4. ಮೊದಲನೆಯದಕ್ಕೆ (0, 5), (5, 0) ಬಿಂದುಗಳು. ಎರಡನೆಯದರಲ್ಲಿ ಎಕ್ಸ್ ಸೊನ್ನೆಯಾದರೆ −ವೈ = 4, ಆದ್ದರಿಂದ ವೈ = −4. ಮಕ್ಕಳು ಜಾರುವುದು ಈ ಋಣ ಚಿಹ್ನೆಯಲ್ಲಿ. (0, 4) ಎಂದು ಗುರುತಿಸಿ (2, 0)ಕ್ಕೆ ಸೇರಿಸಿದರೆ ಸರಳರೇಖೆ ಎದುರು ದಿಕ್ಕಿಗೆ ವಾಲಿ, ಛೇದಬಿಂದು (3, 2) ಬರುವ ಬದಲು (−1, 6)ಕ್ಕೆ ಹೋಗುತ್ತದೆ. ನಕ್ಷಾಹಾಳೆಯಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಎಳೆದರೂ ತಪ್ಪು ತಪ್ಪೇ. ಯಾವ ಎರಡು ಬಿಂದುಗಳನ್ನಾದರೂ ಸೇರಿಸಿ ಒಂದು ನೇರ ಗೆರೆ ಎಳೆಯಬಹುದು, ಹಾಗಾಗಿ ಕೋಷ್ಟಕದಲ್ಲಿ ಮೂರನೆಯ ಬಿಂದುವೂ ಇರಲಿ. ಮೂರೂ ಒಂದೇ ಸಾಲಿಗೆ ಬರದಿದ್ದರೆ ಕೋಷ್ಟಕದಲ್ಲೇ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಕೊನೆಗೆ ಬೆಲೆಗಳನ್ನು ಎರಡನೆಯ ಸಮೀಕರಣಕ್ಕೆ ಹಾಕಿ: 6 − 2 = 4, ತಾಳೆಯಾಯಿತು. ಅರ್ಧ ನಿಮಿಷದ ಕೆಲಸ.

ಒಂದು ಪತ್ರಿಕೆಗೆ ಎರಡು ದಿನ ಕೊಡಿ. ಮೊದಲ ದಿನ ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯುವುದು, ಕೀ ಆನ್ಸರ್ ಅಪ್ಪ–ಅಮ್ಮನ ಹತ್ತಿರ ಇರಲಿ. ಮರುದಿನ ಕೆಂಪು ಪೆನ್ನು ಹಿಡಿದು ಹಂತ ಹಂತವಾಗಿ ಅಂಕ ಹಾಕುವುದು. ಹೋದ ಪ್ರತಿ ಅಂಕದ ಮುಂದೆ ಕಾರಣ ಗುರುತು ಹಾಕಿ: ಸೂತ್ರ ಗೊತ್ತಿಲ್ಲದ್ದಕ್ಕೆ 'ಸೂ', ಚಿಹ್ನೆ ತಪ್ಪಿದ್ದಕ್ಕೆ 'ಚಿ', ಪ್ರಶ್ನೆ ಸರಿಯಾಗಿ ಓದದ್ದಕ್ಕೆ 'ಓ', ಸಮಯ ಸಾಲದ್ದಕ್ಕೆ 'ಸ'. ಮೂರು ಪತ್ರಿಕೆ ಮುಗಿಯುವ ಹೊತ್ತಿಗೆ ಯಾವ ಅಕ್ಷರ ಜಾಸ್ತಿ ಎಂದು ಕಣ್ಣಿಗೆ ಹೊಡೆಯುತ್ತದೆ. 'ಚಿ' ಜಾಸ್ತಿ ಇರುವ ಮಗುವಿಗೆ ಹೊಸ ಅಧ್ಯಾಯ ಹೇಳಿಕೊಡುವ ಟ್ಯೂಷನ್‌ನಿಂದ ಏನೂ ಆಗದು.

ಇಂಗ್ಲಿಷ್‌ನ ಕಥೆಯೇ ಬೇರೆ. ವ್ಯಾಕರಣದ ಪ್ರಶ್ನೆಗಳಿಗೆ ಕೀ ಆನ್ಸರ್ ಒಂದು ಪದದ ಉತ್ತರ ಕೊಟ್ಟು ಸುಮ್ಮನಾಗುತ್ತದೆ, ಯಾಕೆ ಎಂಬುದು ಇರುವುದಿಲ್ಲ. ಅಡಿಗೆರೆ ಎಳೆದ ಪದ ಉತ್ತರವಾಗಿ ಬರುವಂತೆ ಪ್ರಶ್ನೆ ರಚಿಸುವುದನ್ನೇ ತೆಗೆದುಕೊಳ್ಳಿ. 'ಮೈ ಫಾದರ್ ಹ್ಯಾಸ್ ಗಾನ್ ಟು ಮೈಸೂರು' ಎಂಬಲ್ಲಿ ಮೈಸೂರಿಗೆ ಗೆರೆ. ಸರಿಯುತ್ತರ 'ವೇರ್ ಹ್ಯಾಸ್ ಯುವರ್ ಫಾದರ್ ಗಾನ್?' ಮಕ್ಕಳು ಬರೆಯುವುದು 'ವೇರ್ ಯುವರ್ ಫಾದರ್ ಹ್ಯಾಸ್ ಗಾನ್?' ಕನ್ನಡದಲ್ಲಿ 'ನಿಮ್ಮ ತಂದೆ ಎಲ್ಲಿಗೆ ಹೋಗಿದ್ದಾರೆ' ಎನ್ನಲು ಪದ ಹಿಂದುಮುಂದು ಮಾಡಬೇಕಿಲ್ಲ, ಅದೇ ರೂಢಿ ಇಲ್ಲಿಗೂ ಬರುತ್ತದೆ. ಸಹಾಯಕ ಕ್ರಿಯಾಪದ ಕರ್ತೃವಿನ ಮುಂದೆ ಹಾರಬೇಕೆಂದು ಕೂತು ಹೇಳಿಕೊಡುವವರು ಬೇಕು. ಅದಾದ ಮೇಲೆ ಹಳೆಯ ಪತ್ರಿಕೆಗಳಿಂದ ಇದೊಂದೇ ಬಗೆಯ ಪ್ರಶ್ನೆಗಳನ್ನು ಆರಿಸಿ ಒಟ್ಟಿಗೆ ಹತ್ತು ಮಾಡಿಸಿದರೆ ಕೂರುತ್ತದೆ.

ಕಂಠಪಾಠದ ಪದ್ಯಕ್ಕೆ 4 ಅಂಕ. ಬಾಯಲ್ಲಿ ಸರಾಗ ಒಪ್ಪಿಸುವವರೂ ಬರೆಯುವಾಗ 'ದಿ', 'ಆಫ್' ನುಂಗುತ್ತಾರೆ. ಒಪ್ಪಿಸುವುದು ಸಾಲದು, ನೋಡದೆ ಬರೆದು ಅಕ್ಷರ ಅಕ್ಷರ ತಾಳೆ ನೋಡಬೇಕು. ಪತ್ರ ಮತ್ತು ಪ್ರಬಂಧದ ಹತ್ತಿರ ಬಂದಾಗ ಕೀ ಆನ್ಸರ್ ಕೈ ಎತ್ತಿಬಿಡುತ್ತದೆ. ಅಂಕ ಹಂಚಿಕೆ ತಿಳಿಯುತ್ತದೆ, ಒಳ್ಳೆಯ ಪತ್ರ ಹೇಗಿರುತ್ತದೆ ಎಂದು ತಿಳಿಯುವುದಿಲ್ಲ. ವಿಳಾಸ, ದಿನಾಂಕ, ಸಂಬೋಧನೆ, ವಿಷಯ, ಮುಕ್ತಾಯ ಇವಿಷ್ಟರ ಜಾಗ ರೂಢಿಯಾಗಲು ವಾರಕ್ಕೆರಡು ಪತ್ರ ಬರೆಸಿ, ಶಾಲೆಯ ಇಂಗ್ಲಿಷ್ ಮೇಷ್ಟ್ರಿಗೋ ಟೀಚರ್‌ಗೋ ತೋರಿಸುವುದೇ ದಾರಿ. ಡೈಜೆಸ್ಟ್‌ನ ಪ್ರಬಂಧ ಉರು ಹೊಡೆಯುವುದು ಅಪಾಯ. ವಿಷಯ ಸ್ವಲ್ಪ ಬದಲಾದರೂ ಮಗು ಅದನ್ನೇ ಕಕ್ಕುತ್ತದೆ.

ಈ ಪತ್ರಿಕೆಗಳು ಎಲ್ಲರಿಗೂ ತಕ್ಷಣ ಹೊಂದುವುದಿಲ್ಲ. ಭಿನ್ನರಾಶಿ, ಕೂಡು–ಕಳೆ ಚಿಹ್ನೆಗಳಲ್ಲೇ ತಡವರಿಸುವ ಮಗುವಿಗೆ ಮೊದಲ ಎರಡು ವಾರ 8ನೇ ತರಗತಿಯ ಬೀಜಗಣಿತ ಮಾಡಿಸಿ, ಆಮೇಲೆ ಪತ್ರಿಕೆ ಕೊಡಿ. ಇಲ್ಲದಿದ್ದರೆ ಮೊದಲ ಪತ್ರಿಕೆಯ ಅಂಕ ನೋಡಿಯೇ ಪುಸ್ತಕ ಮುಚ್ಚಿಬಿಡುತ್ತದೆ.