ಪತಂಗದ ರಾತ್ರಿಗಾಗಿ ಸದಸ್ಯನಾದೆ: ನಿಸರ್ಗ ಮತ್ತು ಕಲಾಕೇಂದ್ರದಲ್ಲಿ ನಾಲ್ಕು ವರ್ಷ

ಮನೆಗೆ ಹತ್ತಿರದ ನಿಸರ್ಗ ಮತ್ತು ಕಲಾಕೇಂದ್ರದ ಕುಟುಂಬ ಸದಸ್ಯತ್ವ ಪಡೆದು ನಾಲ್ಕು ವರ್ಷ ತುಂಬಿತು. ಯಾವ ವಯಸ್ಸಿನವರಿಗೆ ಯಾವ ತರಗತಿ, ಎಷ್ಟು ಸೀಟು, ಸದಸ್ಯರಿಗೆ ಎಷ್ಟು ರಿಯಾಯಿತಿ ಎಂಬುದೆಲ್ಲ ಅವರ ಕರಪತ್ರದಲ್ಲೇ ಇದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬೆಳಗಿನ ಹಕ್ಕಿ ನಡಿಗೆ ಚೆನ್ನಾಗಿದೆ. ಆದರೆ ಗುಂಪು ದೊಡ್ಡದಾದ ದಿನ ಹಿಂದೆ ಉಳಿದವರಿಗೆ ಹಕ್ಕಿ ಹಾರಿಹೋದ ಮೇಲೆ ಅಲ್ಲಾಡುವ ಕೊಂಬೆ ಮಾತ್ರ ಕಾಣುತ್ತದೆ. ಜೇಡಿಮಣ್ಣಿನ ತರಗತಿಗೆ ಹೆಸರು ಕೊಟ್ಟು ಕಾಯಬೇಕು. ಬುಕಿಂಗ್ ತೆರೆದ ಹತ್ತು ನಿಮಿಷಕ್ಕೆ ಮಕ್ಕಳ ಸೀಟು ಖಾಲಿಯಾಗುವ ಕಷ್ಟ ಇನ್ನೂ ಹಾಗೇ ಇದೆ. ನಾನು ಬರೆಯಬೇಕೆಂದು ಕೂತಿದ್ದು ಇವುಗಳ ಬಗ್ಗೆ ಅಲ್ಲ. ತಿಂಗಳಿಗೊಮ್ಮೆ ಕೊಳದ ಬದಿಯಲ್ಲಿ, ಬಿಳಿ ಬಟ್ಟೆಯ ಮುಂದೆ ದೀಪ ಹಚ್ಚಿ ಪತಂಗಗಳನ್ನು ನೋಡುವ ಪತಂಗದ ರಾತ್ರಿಯ ಬಗ್ಗೆ, ಮತ್ತು ಮೂರನೇ ವರ್ಷ ಅದಕ್ಕೆ ಏನಾಯಿತು ಎಂಬುದರ ಬಗ್ಗೆ.

ಮೊದಲು ನಾವು ಹೋಗಿದ್ದು ಪತಂಗ ನೋಡಲಿಕ್ಕಲ್ಲ, ನೀಲಿ ಅಚ್ಚಿನ ಕಾರ್ಯಾಗಾರಕ್ಕೆ. ಸಯನೋಟೈಪ್ ಎಂದರೆ ಕ್ಯಾಮೆರಾ ಇಲ್ಲದೆ ಬಿಸಿಲಿನಲ್ಲೇ ಚಿತ್ರ ತೆಗೆಯುವ ವಿಧಾನ. ಎರಡು ಲವಣಗಳ ದ್ರಾವಣವನ್ನು ಬೆರೆಸಿ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಿರುತ್ತಾರೆ. ಆಗ ಅದರ ಬಣ್ಣ ಹಳದಿ ಬೆರೆತ ಹಸಿರು. ಅದರ ಮೇಲೆ ಎಲೆಯನ್ನೋ ಗರಿಯನ್ನೋ ಇಟ್ಟು, ಗಾಜು ಮುಚ್ಚಿ ಬಿಸಿಲಿಗೆ ಹಿಡಿಯಬೇಕು. ಸ್ವಲ್ಪ ಹೊತ್ತಿಗೆ ಕಾಗದ ಬೂದಿ ಬಣ್ಣಕ್ಕೆ ತಿರುಗುತ್ತದೆ, ಏನೋ ಕೆಟ್ಟುಹೋಯಿತು ಅನ್ನಿಸುತ್ತದೆ. ನೀರಿನ ತಟ್ಟೆಗೆ ಹಾಕಿ ಅಲ್ಲಾಡಿಸಿದಾಗ ಹಳದಿ ಕರಗಿ ಹೋಗಿ, ಎಲೆ ಇದ್ದಷ್ಟು ಜಾಗ ಬೆಳ್ಳಗೆ, ಸುತ್ತಲೂ ನೀಲಿ. ಅಷ್ಟಕ್ಕೇ ಮುಗಿಯುವುದಿಲ್ಲ. ಮನೆಗೆ ತಂದು ಒಣಹಾಕಿದರೆ ಮರುದಿನಕ್ಕೆ ಆ ನೀಲಿ ಇನ್ನಷ್ಟು ಗಾಢವಾಗಿರುತ್ತದೆ. ನನ್ನ ಮಗಳು ಆ ರಾತ್ರಿ ಮೂರು ಸಲ ಎದ್ದು ಅದನ್ನು ನೋಡಿಬಂದಳು.

ಇದನ್ನು ಕಂಡುಹಿಡಿದವರು ಖಗೋಳ ವಿಜ್ಞಾನಿ ಜಾನ್ ಹರ್ಷಲ್, 1842ರಲ್ಲಿ. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಕಡಲಪಾಚಿಗಳನ್ನು ಒಂದೊಂದಾಗಿ ಕಾಗದದ ಮೇಲಿಟ್ಟು ಹೀಗೇ ಅಚ್ಚು ತೆಗೆಯುತ್ತ, ಅವನ್ನು ಪುಸ್ತಕವಾಗಿ ಹತ್ತು ವರ್ಷ ಕಂತುಕಂತಾಗಿ ಹೊರತಂದರು. ಎಂಜಿನಿಯರುಗಳ ಬ್ಲೂಪ್ರಿಂಟ್‌ಗೆ ಆ ಹೆಸರು ಬಂದದ್ದೂ ಈ ನೀಲಿಯಿಂದಲೇ. ಇದನ್ನೆಲ್ಲ ಹೇಳಿಕೊಟ್ಟ ಶಿಕ್ಷಕಿ ಕೊನೆಗೆ ಒಂದು ಮಾತು ಸೇರಿಸಿದರು: "ಈ ಕಾಗದವನ್ನು ಬದಲಿಸುವುದು ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ಅದನ್ನು ಕಾಣಬಲ್ಲವರು ಇದೇ ಶನಿವಾರ ರಾತ್ರಿ ಕೊಳದ ಹತ್ತಿರ ಬರುತ್ತಾರೆ, ನೀವೂ ಬನ್ನಿ."

ಹೋದೆವು. ಎರಡು ಕೋಲುಗಳ ನಡುವೆ ಬಿಗಿದು ಕಟ್ಟಿದ ಬಿಳಿ ಬಟ್ಟೆ, ಅದರ ಮುಂದೆ ನೇರಳೆ ಹೊಳಪಿನ ಒಂದು ಟ್ಯೂಬ್ ಲೈಟ್. ಅಷ್ಟೇ ಸಲಕರಣೆ. ಮೊದಲ ಅರ್ಧ ಗಂಟೆ ಸಣ್ಣಪುಟ್ಟ ನುಸಿಗಳು. ಆಮೇಲೆ ಒಂದೊಂದಾಗಿ ಬರತೊಡಗಿದವು. ರೆಕ್ಕೆಗಳನ್ನು ಅಡ್ಡಕ್ಕೆ ಚಾಚಿ ಇಂಗ್ಲಿಷಿನ ಟಿ ಅಕ್ಷರದಂತೆ ಕೂರುವ ಕಡ್ಡಿಯಂಥ ಪತಂಗ. ಒಣಗಿದ ಎಲೆಯೇ ಗಾಳಿಗೆ ಬಂದು ಅಂಟಿಕೊಂಡಿತೇನೋ ಅನ್ನಿಸುವ ಇನ್ನೊಂದು. ಮರಿಯಿದ್ದಾಗ ಗೇಣು ಹಾಕುತ್ತ ನಡೆದ ಹುಳು ಈಗ ಬಟ್ಟೆಗೆ ರೆಕ್ಕೆ ಒತ್ತಿ ಚಪ್ಪಟೆಯಾಗಿ ಕೂತಿದೆ. ಚಿಟ್ಟೆಗಳಲ್ಲಿ ಜಗತ್ತಿನಾದ್ಯಂತ ಸುಮಾರು 18,000 ಬಗೆ ಇವೆಯಂತೆ, ಪತಂಗಗಳಲ್ಲಿ ಹೆಸರಿಟ್ಟವೇ 1,60,000ದಷ್ಟು. ಅವುಗಳಲ್ಲಿ ಒಂದನ್ನೂ ನಾನು ಅಲ್ಲಿಯವರೆಗೆ ನಿಂತು ನೋಡಿರಲಿಲ್ಲ.

ಆ ರಾತ್ರಿಯನ್ನು ನಡೆಸುವ ಸ್ವಯಂಸೇವಕಿ ಜೇಬಿನಿಂದ ಕೀಲಿಗೊಂಚಲು ತೆಗೆದು ಜೋರಾಗಿ ಅಲ್ಲಾಡಿಸಿದಾಗ, ಬಟ್ಟೆಯ ಸುತ್ತ ಹಾರುತ್ತಿದ್ದ ಕೆಲವು ಪತಂಗಗಳು ಕಲ್ಲು ಬಿದ್ದಂತೆ ದೊಪ್ಪನೆ ನೆಲಕ್ಕೆ ಬಿದ್ದವು. ಮಕ್ಕಳೆಲ್ಲ ಹೋ ಎಂದು ಕೂಗಿದರು. ಬಾವಲಿ ಬೇಟೆಗೆ ಬಳಸುವಂಥ, ನಮ್ಮ ಕಿವಿಗೆ ಸಿಗದ ತೀಕ್ಷ್ಣ ಸದ್ದು ಕೀಲಿಗಳ ಕಿಣಿಕಿಣಿಯಲ್ಲೂ ಇರುತ್ತದೆ. ಅದು ಕೇಳಿದರೆ ರೆಕ್ಕೆ ಮಡಚಿ ಬೀಳುವುದು ಅವಕ್ಕೆ ಗೊತ್ತಿರುವ ಪಾರಾಗುವ ಒಂದು ದಾರಿ. "ಇವುಗಳಲ್ಲಿ ಹಲವಕ್ಕೆ ಒಂದೊಂದು ಕಿವಿಯಲ್ಲಿ ಕೇಳುವ ಜೀವಕೋಶ ಇರುವುದು ಎರಡೇ" ಎಂದರು ಅವರು. ಎರಡೇ ಕೋಶ ಇಟ್ಟುಕೊಂಡು ಬಾವಲಿಯಿಂದ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ಮಗಳು ವಾರವಿಡೀ ಸಿಕ್ಕಸಿಕ್ಕವರಿಗೆ ಹೇಳಿದಳು.

ಅಂದಿನಿಂದ ನಮ್ಮ ಮನೆಯ ಬಾಗಿಲ ಹಿಂದೆ ಒಂದು ಚೀಲ ಸದಾ ತಯಾರಿರುತ್ತದೆ. ಕೆಂಪು ಜಿಲೆಟಿನ್ ಕಾಗದ ಸುತ್ತಿದ ಟಾರ್ಚ್, ಏಕೆಂದರೆ ಕೆಂಪು ಬೆಳಕು ಹೆಚ್ಚಿನ ಕೀಟಗಳಿಗೆ ಅಷ್ಟಾಗಿ ಕಾಣುವುದಿಲ್ಲ, ನಮ್ಮ ಕಣ್ಣೂ ಕತ್ತಲಿಗೆ ಹೊಂದಿಕೊಂಡೇ ಇರುತ್ತದೆ. ಎರಡು ಪೆನ್ಸಿಲ್, ರಬ್ಬರ್ ಇಲ್ಲ. ಗೆರೆ ಎಳೆಯದ ನೋಟ್‌ಬುಕ್ಕು. ಬುಕ್ಕಿನ ಎಡಪುಟದಲ್ಲಿ ಮಗಳ ಚಿತ್ರ, ಬಲಪುಟದಲ್ಲಿ ನನ್ನ ಟಿಪ್ಪಣಿ: ದಿನಾಂಕ, ಚಂದ್ರ, ಗಾಳಿ, ಬಂದ ಪತಂಗಗಳ ಪಟ್ಟಿ. ಅರ್ಧ ಗಂಟೆ ಮೊದಲೇ ಹೋಗಿ ಬಟ್ಟೆ ಕಟ್ಟಲು ಕೈಜೋಡಿಸುತ್ತೇವೆ. ಕಟ್ಟಿದ ಮೇಲೆ ದೀಪ ಹಚ್ಚುವ ಮೊದಲು ಎಲ್ಲರೂ ಐದು ನಿಮಿಷ ಸುಮ್ಮನೆ ಕತ್ತಲಲ್ಲಿ ನಿಲ್ಲಬೇಕೆಂಬುದು ಅಲ್ಲಿನ ಪದ್ಧತಿ. ಮೊದಮೊದಲು ಮಕ್ಕಳು ಗುಸುಗುಟ್ಟುತ್ತಾರೆ, ಮೂರನೇ ನಿಮಿಷಕ್ಕೆ ಕಪ್ಪೆಗಳ ಕೂಗು ಕೇಳಿಸತೊಡಗುತ್ತದೆ, ಐದನೆಯದಕ್ಕೆ ಕೊಳದ ಅಂಚು ತಾನಾಗಿ ಕಾಣುತ್ತದೆ. ನನ್ನ ತಿಂಗಳಲ್ಲಿ ನಾನು ಕಾಯುವುದು ಈ ಐದು ನಿಮಿಷಕ್ಕೆ.

ಬಂದ ಪತಂಗಗಳ ಫೋಟೋಗಳನ್ನು ಐನ್ಯಾಚುರಲಿಸ್ಟ್‌ಗೆ ಹಾಕುವುದನ್ನೂ ಅಲ್ಲೇ ಕಲಿತೆವು. 2008ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದ ಈ ತಾಣದಲ್ಲಿ ನಾವು ಹಾಕಿದ ಹೆಸರನ್ನು ಎಲ್ಲೋ ಇರುವ ಇನ್ನೊಬ್ಬರು ನೋಡಿ ಒಪ್ಪುತ್ತಾರೆ, ಇಲ್ಲವೇ ತಿದ್ದುತ್ತಾರೆ. ಮಗಳ ಮೂರು ದಾಖಲೆಗಳನ್ನು ತಿದ್ದಿದವರೊಬ್ಬರು ಪ್ರತಿಸಲವೂ ಏಕೆಂದು ಒಂದು ಸಾಲು ಬರೆದಿದ್ದರು. ಶಾಲೆಯಲ್ಲಿ ತಪ್ಪು ಗುರುತು ಬಿದ್ದರೆ ಮುಖ ಬಾಡಿಸುವ ಹುಡುಗಿ ಆ ತಿದ್ದುಪಡಿಗಳನ್ನು ಖುಷಿಯಿಂದ ಬುಕ್ಕಿಗೆ ಇಳಿಸಿಕೊಂಡಳು.

ಮೂರನೇ ವರ್ಷದ ಆರಂಭದಲ್ಲಿ ಕೊಳದ ಎದುರಿನ ಹುಲ್ಲುಹಾಸಿನಲ್ಲಿ ಹೊಸ ಬಯಲು ರಂಗ ಬಂತು. ರಂಗ ಬಂದದ್ದಕ್ಕೆ ನನ್ನ ತಕರಾರಿಲ್ಲ, ಅಲ್ಲಿ ಕೇಳಿದ ಕೊಳಲು ಇನ್ನೂ ನೆನಪಿದೆ. ಆದರೆ ರಂಗದ ಸುತ್ತಲಿನ ಶಿಲ್ಪಗಳು ರಾತ್ರಿಯೂ ಕಾಣಲೆಂದು ನೆಲದಲ್ಲಿ ಹುಗಿದು, ಮೇಲ್ಮುಖವಾಗಿ ಉರಿಯುವ ಬೆಳ್ಳನೆಯ ಎಲ್‌ಇಡಿ ದೀಪಗಳನ್ನು ಹಾಕಿದರು. ಕಾರ್ಯಕ್ರಮ ಇರಲಿ ಇಲ್ಲದಿರಲಿ ಅವು ಬೆಳಗಿನವರೆಗೆ ಉರಿಯುತ್ತಿದ್ದವು. ಅದೇ ಹೊತ್ತಿಗೆ ಎಲ್ಲ ಕಾರ್ಯಕ್ರಮಗಳನ್ನೂ ಒಂದೇ ಕ್ಯಾಲೆಂಡರಿಗೆ ತಂದರು. ಅಲ್ಲಿಯವರೆಗೆ ಅಮಾವಾಸ್ಯೆಯ ಹತ್ತಿರದ ಶನಿವಾರ ನಡೆಯುತ್ತಿದ್ದ ಪತಂಗದ ರಾತ್ರಿ ತಿಂಗಳ ಎರಡನೇ ಶನಿವಾರಕ್ಕೆ ಬಂತು. ಅಂದು ಹುಣ್ಣಿಮೆಯೇ ಇದ್ದರೂ ಸರಿ. ತುಂಬು ಬೆಳದಿಂಗಳಿನಲ್ಲಿ ಬಟ್ಟೆಗೆ ಪತಂಗ ಕಡಿಮೆ ಬರುತ್ತದೆಂಬುದು ಈ ಕೆಲಸ ಮಾಡುವ ಯಾರಿಗೂ ಗೊತ್ತು. ಕ್ಯಾಲೆಂಡರ್ ಮಾಡಿದವರು ಅವರನ್ನು ಕೇಳಲಿಲ್ಲ.

ಮೊದಲು ಎರಡು ಪುಟ ತುಂಬುತ್ತಿದ್ದ ನಮ್ಮ ಪಟ್ಟಿ ಅರ್ಧ ಪುಟಕ್ಕೆ ನಿಲ್ಲತೊಡಗಿತು. ಒಂದು ರಾತ್ರಿ ನೋಡಿ ತೀರ್ಪು ಕೊಡಬಾರದು, ಗಾಳಿ ಇದ್ದರೂ ಚಳಿ ಇದ್ದರೂ ಕಡಿಮೆಯಾಗುತ್ತದೆ ಎಂದು ಸುಮ್ಮನಿದ್ದೆ. ನಾಲ್ಕನೇ ತಿಂಗಳು, ಮಳೆ ಬಿದ್ದ ಮರುದಿನದ ಸೆಕೆ, ಗಾಳಿಯಿಲ್ಲ, ಮೋಡ ಚಂದ್ರನನ್ನು ಮುಚ್ಚಿತ್ತು. ಬರಲೇಬೇಕಾದ ರಾತ್ರಿ ಅದು. ಬಟ್ಟೆ ಖಾಲಿ. ಮಗಳು ಹುಲ್ಲುಹಾಸಿನ ಕಡೆ ಹೋದವಳು ಕೂಗಿದಳು: "ಅಪ್ಪಾ, ಎಲ್ಲ ಇಲ್ಲಿವೆ."

ನೆಲದ ದೀಪದ ಗಾಜಿನ ಮೇಲೆ, ಸುತ್ತಲಿನ ಹುಲ್ಲಿನ ಮೇಲೆ, ಅಂಗಾತ ಬಿದ್ದು ಒದ್ದಾಡುತ್ತಿದ್ದವು. ಹಾಕ್ ಮಾತ್ ಎಂಬ ಒಂದು ದೊಡ್ಡ ಪತಂಗ ಎದ್ದು ಹಾರಿ, ದೀಪದ ಮೇಲೆ ಬಂದಕೂಡಲೇ ಬೆನ್ನು ಕೆಳಗಾಗಿ ಮಗುಚಿ ಬೀಳುತ್ತಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ನನಗೆ ಅದರ ಕಾರಣ ಆಗ ಗೊತ್ತಿರಲಿಲ್ಲ. 2024ರ ಜನವರಿಯಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದನ್ನು ಸ್ವಯಂಸೇವಕಿ ಕಳಿಸಿದ ಮೇಲೆ ತಿಳಿಯಿತು. ವೇಗದ ಕ್ಯಾಮೆರಾಗಳಿಂದ ಕೀಟಗಳ ಹಾರಾಟವನ್ನು ಸೆರೆಹಿಡಿದು ನೋಡಿದವರು ಹೇಳುವುದೇನೆಂದರೆ, ಕೀಟಗಳು ದೀಪದತ್ತ ಆಸೆಪಟ್ಟು ನುಗ್ಗುವುದಿಲ್ಲ. ಬೆಳಕು ಇರುವ ಕಡೆಗೆ ಬೆನ್ನು ತಿರುಗಿಸಿಕೊಳ್ಳುವುದು ಅವುಗಳ ಹುಟ್ಟುಗುಣ. ರಾತ್ರಿಯಾದರೂ ನೆಲಕ್ಕಿಂತ ಆಕಾಶವೇ ಬೆಳ್ಳಗಿರುತ್ತದೆ, ಆದ್ದರಿಂದ ಬೆಳಕಿಗೆ ಬೆನ್ನು ಕೊಟ್ಟರೆ ಮೇಲೆ ಯಾವುದು ಕೆಳಗೆ ಯಾವುದು ಎಂಬುದು ತಪ್ಪುವುದಿಲ್ಲ. ಕೋಟ್ಯಂತರ ವರ್ಷ ನಡೆದುಬಂದ ಈ ಲೆಕ್ಕ ಬಲ್ಬಿನ ಹತ್ತಿರ ತಪ್ಪುತ್ತದೆ. ದೀಪ ಪಕ್ಕದಲ್ಲಿದ್ದರೆ ಅದರ ಸುತ್ತ ಸುತ್ತುತ್ತಲೇ ಇರುತ್ತವೆ. ದೀಪ ಕೆಳಗಿದ್ದರೆ ಮಗುಚಿ ಬೀಳುತ್ತವೆ. ನೆಲದಲ್ಲಿ ಹುಗಿದು ಆಕಾಶಕ್ಕೆ ಮುಖಮಾಡಿದ ದೀಪಕ್ಕಿಂತ ಕೆಟ್ಟದ್ದನ್ನು ಆ ಜಾಗಕ್ಕೆ ಯಾರೂ ತರಲಾಗುತ್ತಿರಲಿಲ್ಲ.

ಕೇಂದ್ರಕ್ಕೆ ಪತ್ರ ಬರೆದೆ. ದೀಪಗಳು ಸುರಕ್ಷತೆಗಾಗಿ ಎಂಬ ಎರಡು ಸಾಲಿನ ಉತ್ತರ ಬಂತು. ಜನ ನಡೆಯುವ ದಾರಿಗೆ ದೀಪ ಬೇಕು, ಒಪ್ಪುತ್ತೇನೆ. ಜನವೇ ಇಲ್ಲದ ರಾತ್ರಿ ಎರಡು ಗಂಟೆಗೆ ಶಿಲ್ಪದ ಬೆನ್ನಿಗೆ ದೀಪ ಯಾರ ಸುರಕ್ಷತೆಗೆ? ಫಲಕದಲ್ಲಿ ನಿಸರ್ಗ ಎಂಬ ಪದ ಮೊದಲು, ಕಲೆ ಎಂಬ ಪದ ಆಮೇಲೆ. ಆ ವರ್ಷ ನನಗೆ ಅಲ್ಲಿಗೆ ಹೋಗುವ ಮನಸ್ಸೇ ಕಡಿಮೆಯಾಯಿತು. ಕುಟುಂಬ ಸದಸ್ಯತ್ವ ನಮ್ಮ ಮಟ್ಟಿಗೆ ಸಣ್ಣ ಖರ್ಚಲ್ಲ, ಮಗಳ ಈಜಿನ ತರಗತಿಯನ್ನು ಬಿಡಿಸಿ ಇದಕ್ಕೆ ಕಟ್ಟುತ್ತಿದ್ದೆವು. ಬಿಟ್ಟುಬಿಡೋಣ ಎಂದು ಮನೆಯಲ್ಲಿ ಮಾತಾಗಿತ್ತು.

ಬದಲಾವಣೆ ಬಂದದ್ದು ಪತ್ರದಿಂದಲ್ಲ. ಆ ಶಿಲ್ಪಗಳಲ್ಲಿ ಒಂದನ್ನು ಮಾಡಿದ ಕಲಾವಿದೆ ಅದೇ ನೀಲಿ ಅಚ್ಚಿನ ಶಿಕ್ಷಕಿಯ ಗೆಳತಿ. ಸ್ವಯಂಸೇವಕಿ ಅವರಿಬ್ಬರನ್ನೂ ಒಂದು ರಾತ್ರಿ ಕರೆದುಕೊಂಡು ಬಂದು ಹುಲ್ಲಿನ ಮೇಲೆ ಕೂರಿಸಿದರು, ಯಾವ ವಿವರಣೆಯನ್ನೂ ಕೊಡಲಿಲ್ಲ. ಕಲಾವಿದೆ ಬಹಳ ಹೊತ್ತು ನೋಡಿ, ತನ್ನ ಕೆಲಸಕ್ಕೆ ರಾತ್ರಿ ದೀಪ ಬೇಡವೆಂದು ಮರುದಿನವೇ ಆಡಳಿತಕ್ಕೆ ಬರೆದುಕೊಟ್ಟರು. ಉಳಿದವರೂ ಒಬ್ಬೊಬ್ಬರಾಗಿ ಬರೆದರು. ಸದಸ್ಯರು ಹೇಳಿದಾಗ ಅಲ್ಲಾಡದ್ದು ಕಲಾವಿದರು ಹೇಳಿದಾಗ ಅಲ್ಲಾಡಿತು. ಅದು ನನಗೆ ಬೇಸರವೂ ಹೌದು, ಆದರೆ ಆದದ್ದು ಆಯಿತಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದು.

ಈಗ ನೆಲದ ದೀಪಗಳನ್ನು ತೆಗೆದಿದ್ದಾರೆ. ದಾರಿಯ ದೀಪಗಳಿಗೆ ಮೇಲಿಂದ ಮುಚ್ಚಳ ಹಾಕಿ ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮಾಡಿದ್ದಾರೆ, ಬಿಳಿಯ ಬದಲು ಅರಿಸಿನ ಬಣ್ಣದ ಬಲ್ಬು, ಕಾರ್ಯಕ್ರಮ ಮುಗಿದ ಅರ್ಧ ಗಂಟೆಗೆ ಆರುತ್ತವೆ. ಪತಂಗದ ರಾತ್ರಿ ಮತ್ತೆ ಅಮಾವಾಸ್ಯೆಯ ಹತ್ತಿರಕ್ಕೆ ಬಂದಿದೆ. ನಮ್ಮ ಬಟ್ಟೆಯ ನಿಯಮವನ್ನೂ ಬಿಗಿ ಮಾಡಿಕೊಂಡೆವು. ನಮ್ಮದೂ ಒಂದು ದೀಪವೇ, ಅದೂ ಅವುಗಳ ದಾರಿ ತಪ್ಪಿಸುತ್ತದೆ. ಎರಡು ಗಂಟೆಗಿಂತ ಹೆಚ್ಚು ಉರಿಸುವುದಿಲ್ಲ. ಆರಿಸಿದ ಮೇಲೆ ಬಟ್ಟೆಯನ್ನು ಹಾಗೇ ಬಿಟ್ಟರೆ ಬೆಳಿಗ್ಗೆ ಹಕ್ಕಿಗಳಿಗೆ ಸುಲಭದ ತುತ್ತು. ಆದ್ದರಿಂದ ಒಂದೊಂದನ್ನೇ ಬೆರಳ ಮೇಲೆ ಹತ್ತಿಸಿಕೊಂಡು ಪೊದೆಗೆ ಬಿಡುತ್ತೇವೆ. ಕೆಲವು ಪತಂಗಗಳಿಗೆ ದೊಡ್ಡದಾದ ಮೇಲೆ ತಿನ್ನಲು ಬಾಯಿಯೇ ಇರುವುದಿಲ್ಲ, ಮರಿಯಿದ್ದಾಗ ಕೂಡಿಟ್ಟದ್ದರಲ್ಲೇ ಕೆಲವು ದಿನ ಬದುಕಿ ಜೊತೆ ಹುಡುಕಬೇಕು. ಅಂಥದ್ದರ ಒಂದು ರಾತ್ರಿಯನ್ನು ನಾವು ತೆಗೆದುಕೊಂಡಿದ್ದೇವೆ ಎಂದು ಗೊತ್ತಾದ ಮೇಲೆ ಮಗಳು ಈ ಬಿಡುವ ಕೆಲಸವನ್ನು ಬೇರೆಯವರಿಗೆ ಕೊಡುವುದಿಲ್ಲ.

ಪಟ್ಟಿ ಮತ್ತೆ ಎರಡು ಪುಟಕ್ಕೆ ಬಂದಿಲ್ಲ. ಕಳೆದ ತಿಂಗಳು ಒಂದು ಪುಟ ತುಂಬಿ ಆಚೆ ಪುಟಕ್ಕೆ ನಾಲ್ಕು ಸಾಲು ಹೋಯಿತು.

ಹೋಗಬೇಕೆಂದಿರುವವರಿಗೆ: ವರ್ಷಕ್ಕೆ ನಾಲ್ಕೈದು ಕಾರ್ಯಾಗಾರಕ್ಕಾದರೂ ಹೋಗುವಿರಾದರೆ ಸದಸ್ಯತ್ವದ ಹಣ ವಸೂಲಾಗುತ್ತದೆ, ಒಂದೆರಡಕ್ಕೆ ಮಾತ್ರವಾದರೆ ಬಿಡಿ ಟಿಕೆಟ್ಟೇ ಸಾಕು. ಪತಂಗದ ರಾತ್ರಿಗೆ ಬಿಳಿ ಅಂಗಿ ಬೇಡ, ಬಟ್ಟೆ ಬಿಟ್ಟು ನಿಮ್ಮ ಮೇಲೇ ಕೂರುತ್ತವೆ. ಮೊಬೈಲಿನ ಬೆಳಕು ಕಡಿಮೆ ಮಾಡಿಕೊಂಡು ಬನ್ನಿ. ಆ ಐದು ನಿಮಿಷದ ಕತ್ತಲನ್ನು ತಪ್ಪಿಸಿಕೊಳ್ಳಬೇಡಿ, ತಡವಾಗಿ ಬಂದವರು ಅದನ್ನು ಕಳೆದುಕೊಳ್ಳುತ್ತಾರೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟಿದ್ದೇನೆ. ಮೂರು ವರ್ಷದ ಸದಸ್ಯತ್ವ ಒಟ್ಟಿಗೆ ಪಡೆದರೆ ರಿಯಾಯಿತಿ ಇತ್ತು, ಆದರೂ ಒಂದೇ ವರ್ಷಕ್ಕೆ ಕಟ್ಟಿದೆ. ಪಾರ್ಕಿಂಗ್ ಜಾಗದ ಎತ್ತರದ ಕಂಬದಲ್ಲಿ ಆ ಬೆಳ್ಳನೆಯ ದೀಪ ಇನ್ನೂ ರಾತ್ರಿಯಿಡೀ ಉರಿಯುತ್ತಿದೆ, ಅದರ ಬುಡದಲ್ಲಿ ಬೆಳಿಗ್ಗೆ ರೆಕ್ಕೆಗಳು ಸಿಗುತ್ತವೆ. ಈ ಸಲದ ಪತ್ರವನ್ನು ಮಗಳು ತಾನೇ ಬರೆದು, ಜೊತೆಗೆ ಆ ರೆಕ್ಕೆಗಳಲ್ಲಿ ಒಂದರ ನೀಲಿ ಅಚ್ಚನ್ನೂ ಲಗತ್ತಿಸಿ ಕೊಟ್ಟಿದ್ದಾಳೆ. ಉತ್ತರ ಬಂದರೆ ಇದರ ಕೆಳಗೆ ಸೇರಿಸುತ್ತೇನೆ.